ಏಳು ಬಾಗಿಲ ಮನೆಯ ತಪಾಸಣೆ

ನಮ್ಮ ಮನೆಯ ಬಟ್ಟೆ ಒಗೆಯುವ ಮಿಷನ್ನು ಪ್ರಾಣ ಬಿಟ್ಟ ಇಪ್ಪತ್ತೆರಡನೆಯ ದಿನಕ್ಕೆ ಸರಿಯಾಗಿ ನನ್ನ ಗಂಡ ದೊಡ್ಡದೊಂದು ರಟ್ಟಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಒಳಗೆ ಬಂದರು. ನಾನಾಗ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಜೋಡಿಹಾಸಿಗೆಯ ಹೊದಿಕೆಯೊಂದಿಗೆ ಮಲ್ಲಯುದ್ಧದಲ್ಲಿದ್ದೆ. (ಒದ್ದೆ ಹೊದಿಕೆ ಎಷ್ಟು ಭಾರವೆಂಬುದು ಹೊದೆಯುವವರಿಗೆ ಗೊತ್ತಿರುವುದಿಲ್ಲ, ಹಿಂಡುವವರಿಗೆ ಗೊತ್ತಿರುತ್ತದೆ.) ಪೆಟ್ಟಿಗೆ ಕಂಡದ್ದೇ ಹೊದಿಕೆ ಕೈಬಿಟ್ಟೆ. ಈಗಿನ ಕಾಲದಲ್ಲಿ ಎಲ್ಲವೂ ಚಿಕ್ಕದಾಗುತ್ತಿದೆ, ಮಿಷನ್ನೂ ಚಿಕ್ಕದಾಗಿರಬೇಕು ಎಂದುಕೊಂಡು ಸೋಪಿನ ಕೈಯಲ್ಲೇ ಓಡಿಬಂದೆ.

ಅದು ಆಟಿಕೆ ಎಂದು ತಿಳಿದಾಗ ಕೈಮೇಲಿನ ನೊರೆ ತಾನಾಗಿಯೇ ಆರಿಹೋಯಿತು.

ಮೊದಲು ನಮ್ಮ ಸಂಸಾರದ ಪರಿಚಯ ಮಾಡಿಕೊಡಬೇಕು. ನನ್ನ ಗಂಡ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾರೆ. ಮನೆಯಲ್ಲೂ ಎಲ್ಲರಿಗೂ ಅವರು ಮೇಷ್ಟ್ರೇ. ಹದಿನೈದು ವರ್ಷ ಬೇರೆಯವರ ಪಕ್ಕದಲ್ಲಿ ಕೂತು ಅಭ್ಯಾಸವಾಗಿ, ಮನೆಯಲ್ಲಿ ಮಾತು ಜೋರಾದ ಕೂಡಲೇ ಅವರ ಬಲಗಾಲು ನೆಲದ ಮೇಲೆ ಇಲ್ಲದ ಬ್ರೇಕನ್ನು ಒತ್ತುತ್ತದೆ. ಇದ್ದಬದ್ದ ತಾಳ್ಮೆಯನ್ನೆಲ್ಲ ಕಲಿಯಲು ಬಂದವರಿಗೆ ಹಂಚಿ, ಸಂಜೆ ಖಾಲಿ ಟ್ಯಾಂಕಿನಲ್ಲಿ ಮನೆ ಸೇರುತ್ತಾರೆ. ಅವರ ತಾಯಿ, ಅಂದರೆ ನನ್ನ ಅತ್ತೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಬೀದಿಯನ್ನೂ ಮನೆಯನ್ನೂ ಏಕಕಾಲಕ್ಕೆ ಆಳುತ್ತಾರೆ. ಮಗಳಿಗೆ ಮೂರೂವರೆ ವರ್ಷ. ಕಂಡದ್ದನ್ನೆಲ್ಲ ಹೊತ್ತು ಇನ್ನೆಲ್ಲೋ ಇಡುವ, ಇಡಲು ಜಾಗ ಸಿಗದಿದ್ದರೆ ಜೇಬಿಗೆ ತುರುಕುವ ಸ್ವಭಾವ ಅವಳದು. ಹಾಗಾಗಿ ಅವಳಿಗೆ ಇರುವೆ ಎಂದು ಹೆಸರು ಬಿತ್ತು.

ಇನ್ನು ನಾನು. ಪ್ಲಾಸ್ಟಿಕ್ ಕಾರ್ಖಾನೆಯ ತಪಾಸಣೆ ಮೇಜಿನಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಬಕೆಟ್ಟು, ಮಗ್ಗು, ಡಬ್ಬಿಗಳು ಸಾಲಾಗಿ ನನ್ನ ಮುಂದೆ ಬರುತ್ತವೆ. ಹೆಬ್ಬೆರಳಿನಿಂದ ಅಂಚು ಸವರಿ ನೋಡುತ್ತೇನೆ, ಸೊಂಟದೆತ್ತರದಿಂದ ಬೀಳಿಸುತ್ತೇನೆ, ಹಿಡಿ ಜಗ್ಗುತ್ತೇನೆ. ಪಾಸಾದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ. ಕೆಂಪು ಚೀಟಿ ಬಿದ್ದ ಮಾಲು ಅದನ್ನು ಮಾಡಿದವರ ಮೇಜಿಗೇ ವಾಪಸು ಹೋಗಬೇಕು. ಹುಳುಕಿರುವ ಮಾಲು ಹೊರಗೆ ಹೋಗಿ ಸಿಕ್ಕಿಬಿದ್ದರೆ ಅದು ಪಾಸು ಮಾಡಿದವರ ಮೇಜಿಗೆ ಬರುತ್ತದೆ. ಇದು ನಮ್ಮಲ್ಲಿ ಕಲ್ಲಿನಲ್ಲಿ ಕೊರೆದ ಕಾನೂನು. ಹನ್ನೆರಡು ವರ್ಷದಲ್ಲಿ ನನ್ನ ಮೇಜಿಗೆ ಒಂದೇ ಒಂದು ಬಕೆಟ್ಟು ಹಾಗೆ ಬಂದಿಲ್ಲ. ನನ್ನ ಹೆಬ್ಬೆರಳಿನ ಕಣ್ಣು ತಪ್ಪಿಸುವ ಒಡಕು ಇನ್ನೂ ಹುಟ್ಟಿಲ್ಲ ಎಂದು ಕಾರ್ಖಾನೆಯಲ್ಲಿ ಮಾತಿದೆ. (ಆ ಮಾತನ್ನು ಮೊದಲು ಆಡಿದವಳು ನಾನೇ ಇರಬಹುದು.)

ಈಗ ಪೆಟ್ಟಿಗೆಗೆ ಬರೋಣ. ಮೇಷ್ಟ್ರ ಹತ್ತಿರ ಮಕ್ಕಳ ಡಾಕ್ಟರಮ್ಮ ಒಬ್ಬರು ಕಾರು ಕಲಿಯುತ್ತಿದ್ದರು. ಗೇರು ಬದಲಾಯಿಸುವಾಗ ಕಣ್ಣು ಮುಚ್ಚಿಕೊಳ್ಳುವ ಆ ಮಹಾತಾಯಿ, ಮಕ್ಕಳ ಮಿದುಳಿನ ವಿಷಯದಲ್ಲಿ ಮಾತ್ರ ಕಣ್ಣು ತೆರೆಸುವವರಂತೆ. ಒಳ್ಳೆಯ ಆಟಿಕೆ ಅಂದರೆ ಮಗುವಿನ ಕೈಗೆ ಕೆಲಸ ಕೊಡಬೇಕು, ತಾನೇ ಕುಣಿಯಬಾರದು, ಅಗ್ಗದ ಹತ್ತು ತರುವ ಬದಲು ದುಬಾರಿಯ ಒಂದು ತನ್ನಿ ಎಂದು ಅವರು ಹೇಳಿದ್ದೇ ತಡ, ಮಿಷನ್ನಿಗೆಂದು ಎತ್ತಿಟ್ಟಿದ್ದ ಬೋನಸ್ಸನ್ನು ಮೇಷ್ಟ್ರು ತಿರುವಿನಲ್ಲಿ ಸಿಗ್ನಲ್ ಕೊಡದೆ ಆ ಕಡೆ ತಿರುಗಿಸಿಬಿಟ್ಟಿದ್ದರು.

"ಐದು ವರ್ಷದೊಳಗೆ ಕೈಗೆ ಏನು ಸಿಗುತ್ತೋ ಅದೇ ತಲೆಗೆ ಹೋಗುತ್ತಂತೆ ಕಣೇ."

"ನನ್ನ ಕೈಗೆ ಇಪ್ಪತ್ತೆರಡು ದಿನದಿಂದ ಸೋಪು ಸಿಗ್ತಾ ಇದೆ. ತಲೆಗೆ ಏನು ಹೋಗಿದೆ ಗೊತ್ತಾ ನಿಮಗೆ?"

ಮೇಷ್ಟ್ರ ಬಲಗಾಲು ನೆಲ ಒತ್ತಿತು. ಬೆಲೆ ಎಷ್ಟೆಂದು ಅತ್ತೆ ಕೇಳಿದರು. ಹೇಳಿದಾಗ ಕುರ್ಚಿಯಿಂದ ಎದ್ದೇ ನಿಂತರು. ಅವರ ಮಂಡಿನೋವು ಬಲ್ಲವರಿಗೆ ಆ ಬೆಲೆ ಎಷ್ಟಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. "ನಿನಗೆ ನಾನು ಕೊಟ್ಟಿದ್ದು ಒಂದು ಹಳೇ ಬೀಗ, ಅದಕ್ಕೆ ಕೀನೂ ಇರಲಿಲ್ಲ. ಅದರಲ್ಲೇ ನಾಲ್ಕು ವರ್ಷ ಆಡಿದೆ. ಏನು ಕಡಿಮೆ ಆಯ್ತೋ ನಿನಗೆ?" ಎಂದು ಮಗನನ್ನು ಕೇಳಿದರು. ಏನು ಕಡಿಮೆಯಾಯಿತೆಂಬ ಪಟ್ಟಿ ನನ್ನ ಹತ್ತಿರವಿತ್ತು. ಸಂದರ್ಭ ಸರಿಯಿಲ್ಲವೆಂದು ಬಿಚ್ಚಲಿಲ್ಲ.

ಮಿಷನ್ನನ್ನು ರಿಪೇರಿ ಮಾಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಮೊದಲ ದಿನವೇ ಮೇಷ್ಟ್ರು ಅದರ ಹೊಟ್ಟೆಗೆ ಕಿವಿಯಿಟ್ಟು ಆಲಿಸಿ, "ಸೀಜ್ ಆಗಿದೆ. ಎಂಜಿನ್ ಹೋದಮೇಲೆ ಗಾಡಿಗೆ ದುಡ್ಡು ಸುರೀಬಾರದು" ಎಂದು ಮರಣಪತ್ರ ಬರೆದುಬಿಟ್ಟಿದ್ದರು. ವಾಹನಗಳ ಬಗ್ಗೆ ಬಲ್ಲ ಗಂಡಸು ಉಳಿದೆಲ್ಲ ಯಂತ್ರಗಳ ಬಗ್ಗೆಯೂ ಬಲ್ಲವನೇ ಎಂಬ ನಂಬಿಕೆಯ ಮೇಲೆ ಎಷ್ಟೋ ಮನೆಗಳು ನಿಂತಿವೆ. ನಮ್ಮದೂ ನಿಂತಿತ್ತು. ಮೆಕ್ಯಾನಿಕ್ಕನ್ನು ಕರೆಯಲಿಲ್ಲ.

ಪೆಟ್ಟಿಗೆಯಿಂದ ಹೊರಬಂದದ್ದು ಒಂದು ಮರದ ಮನೆ. ನನ್ನ ಮಂಡಿಯೆತ್ತರ. ಅದಕ್ಕೆ ಏಳು ಬಾಗಿಲು, ಒಂದೊಂದಕ್ಕೂ ಒಂದೊಂದು ಬಗೆಯ ಭದ್ರತೆ: ಒಂದಕ್ಕೆ ಚಿಲಕ, ಒಂದಕ್ಕೆ ಕೊಂಡಿ, ಒಂದಕ್ಕೆ ಸರಪಳಿ, ಒಂದಕ್ಕೆ ಬೆಲ್ಟಿನ ಬಕಲ್ಲು, ಒಂದಕ್ಕೆ ಪುಟ್ಟ ಬೀಗ, ಒಂದಕ್ಕೆ ಅಗುಳಿ, ಕೊನೆಯದಕ್ಕೆ ತಿರುಗಿಸಿ ಬಿಗಿಮಾಡುವ ಮರದ ತುಂಡು. ಪ್ರತಿ ಬಾಗಿಲ ಹಿಂದೆ ಒಂದು ಕುಳಿ, ಕುಳಿಯಲ್ಲಿ ಒಂದು ಮರದ ಬೊಂಬೆ. ಏಳು ಬೊಂಬೆಗಳೂ ದಪ್ಪದಲ್ಲಿ ಬೇರೆಬೇರೆ, ಒಂದರ ಕುಳಿಯಲ್ಲಿ ಇನ್ನೊಂದು ಕೂರುವುದಿಲ್ಲ. ಬ್ಯಾಟರಿ ಇಲ್ಲ, ಹಾಡಿಲ್ಲ, ದೀಪವಿಲ್ಲ. ಜೊತೆಗೆ ಒಂದು ಚಿಕ್ಕ ಪುಸ್ತಕ. ಮೇಷ್ಟ್ರು ಅದರ ಮೊದಲ ಪುಟವನ್ನು ಟ್ರಾಫಿಕ್ ನಿಯಮದ ಗಾಂಭೀರ್ಯದಲ್ಲಿ ಓದಿದರು: ಮಗು ಕೆಲಸದಲ್ಲಿ ತೊಡಗಿರುವಾಗ ದೊಡ್ಡವರು ಅಡ್ಡಿಪಡಿಸಬಾರದು.

ನಾನು ಕೊನೆಯ ಪುಟ ಓದಿದೆ. ತಯಾರಿಕೆಯಲ್ಲಿ ಯಾವುದೇ ದೋಷ ಕಂಡುಬಂದರೆ ಹದಿನೈದು ದಿನದೊಳಗೆ ತಿಳಿಸಿ, ಪೂರ್ತಿ ಹಣ ವಾಪಸು ಎಂದಿತ್ತು.

ನನಗೆ ನಗು ಬಂತು. ಹಾಲಿನ ಪಾತ್ರೆಗೆ ಬೆಕ್ಕನ್ನು ಕಾವಲಿಟ್ಟ ಹಾಗಾಯಿತಲ್ಲ. ಜಗತ್ತಿನಲ್ಲಿ ಇಷ್ಟು ಜನರಿರುವಾಗ ಈ ಆಟಿಕೆಯವರು ನನ್ನ ಮನೆಗೇ ಮಾಲು ಕಳಿಸಿ, ಹುಳುಕು ಹುಡುಕು ಎಂದು ಪಂಥ ಕಟ್ಟಿದ್ದಾರೆ. ಹದಿನೈದು ದಿನ ಯಾಕೆ, ಹದಿನೈದು ನಿಮಿಷ ಸಾಕು. ದೋಷ ಸಿಕ್ಕಿದ ಕೂಡಲೇ ಹಣ, ಹಣ ಬಂದ ಕೂಡಲೇ ಹೊಸ ಮಿಷನ್ನು. ಮರುದಿನ ಕಾರ್ಖಾನೆಯಿಂದ ಬರುವಾಗ ಕೆಂಪು ಚೀಟಿಯ ಒಂದು ಸುರುಳಿ ಚೀಲದಲ್ಲಿ ಹಾಕಿಕೊಂಡೆ. ಹಸಿರಿನದೂ ಒಂದು, ಸುಮ್ಮನೆ ಜೊತೆಗಿರಲಿ ಎಂದು.

ಅಂದು ಸಂಜೆ ನೆಲದ ಮೇಲೆ ಕಾಲು ಚಾಚಿ ಕೂತು ಶುರುಮಾಡಿದೆ. ಇರುವೆ ನನ್ನ ಎದುರಿಗೆ ಕೂತಳು. ಮೊದಲು ಹೆಬ್ಬೆರಳ ಪರೀಕ್ಷೆ. ಏಳು ಬಾಗಿಲಿನ ಇಪ್ಪತ್ತೆಂಟು ಅಂಚು, ಒಳಗೂ ಹೊರಗೂ. ಬೆರಳು ಎಲ್ಲೂ ನಿಲ್ಲಲಿಲ್ಲ, ನೀರಿನ ಮೇಲೆ ಹೋದಂತೆ ಹೋಯಿತು. ಯಾರೂ ನೋಡದ ಹಿಂಬದಿಯಲ್ಲಾದರೂ ಕೈಕೊಟ್ಟಿರುತ್ತಾರೆ ಎಂದು ತಿರುಗಿಸಿದೆ. ಹಿಂಬದಿ ಮುಂಬದಿಗಿಂತ ನಯವಾಗಿತ್ತು. ನನಗೆ ಸಿಟ್ಟೇ ಬಂತು. ಅತಿಥಿಗಳು ಬರುವ ಕೋಣೆಯನ್ನಷ್ಟೇ ಗುಡಿಸುವ ಈ ಲೋಕದಲ್ಲಿ ಮಂಚದಡಿಯನ್ನೂ ಒರೆಸಿಟ್ಟವರು ಯಾರು?

ಎರಡನೆಯ ದಿನ ಬಣ್ಣದ ಪರೀಕ್ಷೆ. ಬಿಳಿ ಬಟ್ಟೆ ಒದ್ದೆಮಾಡಿ ಬೊಂಬೆಗಳನ್ನು ತಿಕ್ಕಿದೆ. ಬಟ್ಟೆ ಬಿಳಿಯಾಗಿಯೇ ಉಳಿಯಿತು. (ನಾನು ಹಿಂದಿನ ದಿನ ಒಗೆದ ಟವೆಲ್ಲಿಗಿಂತ ಬಿಳಿ.) ಮೂರನೆಯ ದಿನ ಬೀಳಿಸುವ ಪರೀಕ್ಷೆ. ಸೊಂಟದೆತ್ತರದಿಂದ ಏಳೂ ಬೊಂಬೆಗಳನ್ನು ಒಂದೊಂದಾಗಿ ನೆಲಕ್ಕೆ ಬಿಟ್ಟೆ. ಅತ್ತೆ ಕುರ್ಚಿಯಿಂದ, "ಯಾರ ಮೇಲಿನ ಸಿಟ್ಟಮ್ಮ ಅದು?" ಎಂದು ಕೇಳಿದರು. ಬೊಂಬೆಗಳು ಟಣ್ ಟಣ್ ಎಂದು ಪುಟಿದು ಉರುಳಿದವು. ಸೀಳಲಿಲ್ಲ, ಚಕ್ಕೆಯೇಳಲಿಲ್ಲ. ಒಡೆದದ್ದು ನಮ್ಮ ನೆಲದ ಒಂದು ಟೈಲು. ನಾಲ್ಕನೆಯ ದಿನ ಸರಪಳಿಗೆ ಎರಡು ಲೀಟರ್ ನೀರಿನ ಬಾಟಲಿ ಕಟ್ಟಿ ಇಡೀ ದಿನ ತೂಗಹಾಕಿದೆ. ಸಂಜೆ ಬಂದು ನೋಡಿದರೆ ಸರಪಳಿ ಹಾಗೇ ಇತ್ತು, ಬಾಟಲಿಯ ಕುತ್ತಿಗೆ ಉದ್ದವಾಗಿತ್ತು.

ನನ್ನ ಕಷ್ಟ ನಿಮಗೆ ಅರ್ಥವಾಗುತ್ತಿರಬೇಕು. ಹಣ ವಾಪಸು ಬರಬೇಕೆಂದು ದೋಷ ಹುಡುಕುತ್ತಿದ್ದವಳಿಗೆ ದಿನೇದಿನೇ ಮೆಚ್ಚಿಗೆ ಹೆಚ್ಚುತ್ತಿತ್ತು. ಚಿಲಕ ಜಾರುವ ಸದ್ದು ಕೇಳಬೇಕು ನೀವು. ಕಿರುಗುಟ್ಟುವುದಿಲ್ಲ, ತಡವರಿಸುವುದಿಲ್ಲ, ಹೋಗಿ ತನ್ನ ಜಾಗದಲ್ಲಿ ಕೂತು ಚಿಕ್ಕದಾಗಿ ಒಂದು ಟಕ್. ಆ ಟಕ್ ಕೇಳಲೆಂದೇ ಬಟ್ಟೆ ನೆನೆಸಿಟ್ಟು ಎರಡು ಸಲ ಎದ್ದು ಬಂದಿದ್ದೇನೆ.

ಇದರ ಪಕ್ಕದಲ್ಲಿ ನಮ್ಮ ಹಳೆಯ ಆಟಿಕೆಗಳ ಬುಟ್ಟಿಯಿತ್ತು. ಅದನ್ನು ಬುಟ್ಟಿ ಎನ್ನುವುದಕ್ಕಿಂತ ಯುದ್ಧಭೂಮಿಯ ಆಸ್ಪತ್ರೆ ಎನ್ನಬೇಕು. ಒಂದು ಕಿವಿಯ ಮೊಲ. ರಾಗ ಮರೆತು ಒಂದೇ ಸ್ವರದಲ್ಲಿ ಅಳುವ ಬಾತುಕೋಳಿ. ಹ್ಯಾಂಡಲ್ಲು ಒಂದು ಕಡೆ ದೇಹ ಒಂದು ಕಡೆಯಾದ ಬೊಂಬೆ ಉಯ್ಯಾಲೆ. ಮೂರು ಚಕ್ರದ ಹಳದಿ ಲಾರಿ. ಆ ಲಾರಿ ನಾಲ್ಕು ಚಕ್ರದ್ದಾಗಿಯೇ ಮನೆಗೆ ಬಂದಿತ್ತು. ವಾರದೊಳಗೆ ಒಂದು ಕಳಚಿ ಕಾಣೆಯಾಗಿ, ಇರುವೆ ನುಂಗಿರಬಹುದೆಂದು ಹೆದರಿ, ಮೂರು ದಿನ ನಾನು ಎಲ್ಲೆಲ್ಲಿ ಹುಡುಕಿದೆ ಎಂದು ಮರ್ಯಾದಸ್ಥರ ಮುಂದೆ ಹೇಳುವಂತಿಲ್ಲ. ಡಾಕ್ಟರು ನುಂಗಿಲ್ಲ ಎಂದ ಮೇಲೆ ಮರೆತೆವು. ಇವೆಲ್ಲ ಅಗ್ಗಕ್ಕೆ ಬಂದವು. ಬಂದ ದಿನ ಇವು ಹಾಡಿದವು, ಕುಣಿದವು, ಮಗಳು ಬಾಯಿ ಬಿಟ್ಟು ನೋಡಿದಳು. ಮೂರನೆಯ ದಿನಕ್ಕೆ ಇವೂ ಸುಮ್ಮನಾದವು, ಅವಳೂ ಬೇರೆಯದಕ್ಕೆ ಅತ್ತಳು.

ಲಾರಿಯ ಬಗ್ಗೆ ಒಂದು ಗುಟ್ಟು ಹೇಳುತ್ತೇನೆ, ನಿಮ್ಮಲ್ಲೇ ಇರಲಿ. ಅದು ನಮ್ಮ ಕಾರ್ಖಾನೆಯದೇ. ಬಕೆಟ್ಟಿಗೆ ಬೇಡಿಕೆ ಇಲ್ಲದ ತಿಂಗಳಲ್ಲಿ ಉಳಿದ ಪ್ಲಾಸ್ಟಿಕ್ಕಿನಲ್ಲಿ ನಾವು ಲಾರಿ ಮಾಡುತ್ತೇವೆ. ಬಕೆಟ್ಟಿನ ಹಿಡಿ ಕಿತ್ತರೆ ನೂರು ಫೋನು ಬರುತ್ತವೆ. ಲಾರಿಯ ಚಕ್ರ ಕಿತ್ತರೆ ಅಮ್ಮಂದಿರು ಮಗುವಿನ ಬೆನ್ನಿಗೆ ಒಂದು ಕೊಟ್ಟು ಸುಮ್ಮನಾಗುತ್ತಾರೆ. ಹಾಗಾಗಿ ನಮ್ಮ ಸೂಪರ್‌ವೈಸರು ಲಾರಿಗಳ ರಾಶಿ ಬಂದಾಗ, "ಆಟಿಕೆ ತಾನೇ ಮೇಡಂ, ಹೋಗ್ಲಿ ಬಿಡಿ" ಎನ್ನುತ್ತಾರೆ. ನಾವೂ ಬಿಡುತ್ತೇವೆ. ಆ ಲಾರಿಯನ್ನು ನೌಕರರಿಗೆಂದು ಕೊಡುವ ಅರ್ಧ ಬೆಲೆಗೆ ತಂದು, ದುಡ್ಡು ಉಳಿಸುವುದು ಹೇಗೆಂದು ನಾನು ಮೇಷ್ಟ್ರಿಗೆ ಒಂದು ಗಂಟೆ ಪಾಠ ಮಾಡಿದ್ದೆ.

ಇತ್ತ ಇರುವೆ ದೊಡ್ಡ ಬದಲಾವಣೆ ತೋರಿಸತೊಡಗಿದ್ದಳು. ಬಕಲ್ಲಿನ ಬಾಗಿಲಿನ ಮುಂದೆ ಕೂತರೆ ಮುಕ್ಕಾಲು ಗಂಟೆ ಅಲ್ಲಾಡುತ್ತಿರಲಿಲ್ಲ. ನಾಲಿಗೆ ಹೊರಗೆ ಹಾಕಿ, ಹುಬ್ಬು ಗಂಟಿಕ್ಕಿ, ಪಟ್ಟಿಯನ್ನು ತೂರಿಸುವುದು, ಜಾರಿದರೆ ಮತ್ತೆ ತೂರಿಸುವುದು. ಅಳಲಿಲ್ಲ, ನನ್ನನ್ನು ಕರೆಯಲಿಲ್ಲ. ನಿದ್ದೆಯಲ್ಲಿ ಬಿಟ್ಟರೆ ಆ ಮಗು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಒಂಬತ್ತನೆಯ ದಿನ ಬಕಲ್ಲು ಬಿಚ್ಚಿತು. ಅವಳು ಚಪ್ಪಾಳೆ ತಟ್ಟಲಿಲ್ಲ, ನನ್ನತ್ತ ನೋಡಲೂ ಇಲ್ಲ. ಮತ್ತೆ ಹಾಕಿದಳು. ಮಾಡಿದ ಕೆಲಸ ಸರಿಯಾಗಿದೆಯೆಂದು ತನಗೇ ಗೊತ್ತಾದವರ ಮುಖ ಅದು. ನಾನು ಆ ಮುಖವನ್ನು ನನ್ನ ಕನ್ನಡಿಯಲ್ಲಿ ಕಂಡು ಬಹಳ ದಿನವಾಗಿತ್ತು.

ಜೊತೆಗೆ ಪುಸ್ತಕದಲ್ಲಿಲ್ಲದ ಇನ್ನೊಂದು ವಿದ್ಯೆಯೂ ಅವಳಿಗೆ ಬಂತು. ನನ್ನನ್ನು ನೋಡಿ ನೋಡಿ, ಸಿಕ್ಕಿದ್ದರ ಅಂಚಿನ ಮೇಲೆಲ್ಲ ಹೆಬ್ಬೆರಳು ಸವರತೊಡಗಿದಳು. ಚಮಚ ಸವರಿದಳು, ಅಜ್ಜಿಯ ಕನ್ನಡಕ ಸವರಿದಳು. ಸೊಂಟದೆತ್ತರದಿಂದ ಬೀಳಿಸಿಯೂ ನೋಡಿದಳು. (ಕನ್ನಡಕವನ್ನು ನಾನು ನಡುವೆಯೇ ಹಿಡಿದೆ. ಅವಳ ಸೊಂಟ ನನ್ನ ಮಂಡಿಗೆ ಬರುವುದರಿಂದ ಸ್ವಲ್ಪ ಕಷ್ಟವಾಯಿತು.) ಕೆಂಪು ಯಾಕೆ, ಹಸಿರು ಯಾಕೆ, ಕೆಂಪಿನದು ಎಲ್ಲಿಗೆ ಹೋಗುತ್ತದೆ ಎಂದು ದಿನಕ್ಕೆ ಹತ್ತು ಸಲ ಕೇಳಿದಳು. ಕಾರ್ಖಾನೆಯ ಕಾನೂನನ್ನು ಒಂದಕ್ಷರ ಬಿಡದೆ ಹೇಳಿಕೊಟ್ಟೆ. ಮಾಡಿದವರ ಮೇಜಿಗೆ, ಇಲ್ಲವೇ ಪಾಸು ಮಾಡಿದವರ ಮೇಜಿಗೆ.

ಇದನ್ನೆಲ್ಲ ಕಂಡ ಮೇಷ್ಟ್ರು, ಹೆಂಡತಿ ದಿನವೂ ಒಂದು ಗಂಟೆ ಮಗಳ ಜೊತೆ ಕೂತು ಆಡುತ್ತಿದ್ದಾಳೆ ಎಂದುಕೊಂಡು ಕರಗಿಹೋದರು. ಡಾಕ್ಟರಮ್ಮನಿಗೂ ವರದಿ ಒಪ್ಪಿಸಿದರು. ಆಕೆ ಸಂತೋಷದಿಂದ ಎರಡೂ ಕೈ ಸ್ಟಿಯರಿಂಗಿನಿಂದ ತೆಗೆದರಂತೆ. "ನಿನ್ನಂಥ ತಾಯಿ ಅಪರೂಪ ಅಂದ್ರು" ಎಂದು ಮೇಷ್ಟ್ರು ಹೇಳುವಾಗ ನಾನು ಸರಪಳಿಯ ಕೊಂಡಿಗಳನ್ನು ಸೂಜಿಯಿಂದ ಕೆದಕುತ್ತಿದ್ದೆ.

ಹದಿಮೂರು ದಿನ ಕಳೆದವು. ದೋಷವಿಲ್ಲ. ಬಚ್ಚಲಲ್ಲಿ ಬಟ್ಟೆಯ ಗುಡ್ಡ, ಬೆನ್ನಲ್ಲಿ ನೋವು. ಇನ್ನೇನು ಸೋಲೊಪ್ಪಬೇಕು ಎನ್ನುವಾಗ ಹದಿನಾಲ್ಕನೆಯ ದಿನ ಕೊನೆಯ ಬಾರಿ ಬೊಂಬೆಗಳನ್ನು ಕುಳಿಯಲ್ಲಿ ಕೂರಿಸುತ್ತಿದ್ದೆ. ನಾಲ್ಕನೆಯದು ಕೂರಲಿಲ್ಲ. ಮತ್ತೆ ಒತ್ತಿದೆ. ಅರ್ಧಕ್ಕೆ ನಿಂತಿತು. ತಿರುಗಿಸಿ ಒತ್ತಿದೆ. ಇಲ್ಲ. ಆ ಕ್ಷಣ ನನ್ನ ಕಿವಿಯಲ್ಲಿ ಹೊಸ ಮಿಷನ್ನು ಗಿರ್ರೆಂದು ತಿರುಗಿತು. ಕೆಂಪು ಚೀಟಿ ಹರಿದು ಬೊಂಬೆಯ ಹಣೆಗೆ ಅಂಟಿಸಿ ಫೋನು ಮಾಡಿದೆ. ತಯಾರಿಕೆಯಲ್ಲಿ ಗಂಭೀರ ನ್ಯೂನತೆ, ಅಳತೆಯಲ್ಲಿ ವ್ಯತ್ಯಯ, ಗ್ರಾಹಕರ ವಿಶ್ವಾಸಕ್ಕೆ ಧಕ್ಕೆ ಎಂದು ಬಾಯಿಗೆ ಬಂದ ದೊಡ್ಡ ಮಾತುಗಳನ್ನೆಲ್ಲ ಆಡಿದೆ. ಆ ಕಡೆಯ ಹೆಂಗಸು ಶಾಂತವಾಗಿ, "ನಾಳೆ ನಾನೇ ಬಂದು ನೋಡ್ತೀನಮ್ಮ" ಎಂದರು.

ಬಂದವರು ಅದನ್ನು ಮಾಡಿದ ಬಡಗಿಯೇ. ಐವತ್ತು ದಾಟಿದ ಹೆಂಗಸು, ಕತ್ತರಿಸಿದ ನರೆಗೂದಲು, ಕಿವಿಯ ಸಂದಿಯಲ್ಲಿ ಚೋಟುದ್ದದ ಪೆನ್ಸಿಲ್ಲು. ರಜೆಯ ದಿನವಾದ್ದರಿಂದ ಮನೆಮಂದಿಯೆಲ್ಲ ಇದ್ದೆವು. ದೋಷ ಸಿಕ್ಕಿದೆ ಎಂದು ಕೇಳಿ ಮೇಷ್ಟ್ರು ಅಪಘಾತ ಕಂಡವರಂತೆ ನಿಂತಿದ್ದರು. ಆಕೆ ನೆಲದ ಮೇಲೆ ಕೂತು ನಾಲ್ಕನೆಯ ಬೊಂಬೆಯನ್ನು ಅಂಗೈಯಲ್ಲಿ ಹೊರಳಿಸಿ, ಮೂಗಿಗೆ ಹಿಡಿದರು.

"ಇದಕ್ಕೆ ಸ್ನಾನ ಮಾಡಿಸಿದ್ದೀರಾ?"

"ಛೆ, ನಾನು ಒದ್ದೆ ಬಟ್ಟೆಯಲ್ಲಿ ತಿಕ್ಕಿ ನೋಡಿದೆ ಅಷ್ಟೇ. ಆಮೇಲೆ ಹನ್ನೊಂದು ಸಲ ಬೀಳಿಸಿದೆ. ನೀರಿಗೆ ಹಾಕಿಲ್ಲ" ಎಂದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಮೇಷ್ಟ್ರು ನನ್ನ ಕಡೆ ತಿರುಗಿದರು. "ಬೀಳಿಸಿದ್ಯಾ? ಯಾಕೆ ಬೀಳಿಸಿದೆ? ನೀನು ಆಡ್ತಾ ಇದ್ದೆ ಅಲ್ವಾ?"

ಅಷ್ಟರಲ್ಲಿ ಇರುವೆ ಮುಂದೆ ಬಂದಳು. "ಅವನು ಗಲೀಜಾಗಿದ್ದ. ಅಮ್ಮನ ಬಕೆಟ್ಟಲ್ಲಿ ನೆನೆಸಿಟ್ಟೆ. ಎರಡು ದಿನ. ಅಮ್ಮನೂ ಹಾಗೇ ಮಾಡೋದು."

 ಬಡಗಿಯಮ್ಮ ಬೊಂಬೆಯನ್ನು ನನ್ನ ಕೈಗಿಟ್ಟರು. ಮರ ನೀರು ಕುಡಿದು ಉಬ್ಬಿದೆ, ನೆರಳಲ್ಲಿ ನಾಲ್ಕು ದಿನ ಇಟ್ಟರೆ ತಾನಾಗಿ ಇಳಿದು ಕೂರುತ್ತದೆ, ಇದು ತಯಾರಿಕೆಯ ದೋಷವಲ್ಲ ಎಂದು ಮೃದುವಾಗಿಯೇ ಹೇಳಿದರು. ನನ್ನ ಹೊಸ ಮಿಷನ್ನು ಕಣ್ಣೆದುರೇ ಬಾಗಿಲು ದಾಟಿ ಹೋಯಿತು.

"ಅಂದ್ರೆ ವಾಪಸ್ ಕೊಡೋಕೆ ಅಂತ ಹದಿನಾಲ್ಕು ದಿನ ಹುಳುಕು ಹುಡುಕಿದ್ದೀಯ" ಎಂದರು ಮೇಷ್ಟ್ರು. ದನಿಯಲ್ಲಿ ನಿಜವಾದ ನೋವಿತ್ತು. "ಮಗಳ ಆಟಿಕೆ ಕಣೇ ಅದು."

ನನಗೂ ತಡೆಯಲಾಗಲಿಲ್ಲ. "ಆಟಿಕೆ ಒಳ್ಳೇದೇ. ಅದರಲ್ಲಿ ಹುಳುಕಿದೆ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಆದ್ರೆ ಅದರ ಬೆಲೆ ನೀವು ಒಂದು ದಿನ ಕೊಟ್ರಿ, ನಾನು ದಿನಾ ಕೊಡ್ತಾ ಇದ್ದೀನಿ, ಆ ಬಕೆಟ್ ಮುಂದೆ ಕೂತು. ಬೊಂಬೆ ಎರಡು ದಿನ ನೆನೆದಿದ್ದಕ್ಕೆ ಉಬ್ಬಿತು ಅಂತಾರೆ. ನಾನು ಮೂವತ್ತೇಳು ದಿನದಿಂದ ನೆನೀತಾ ಇದ್ದೀನಿ, ಯಾರಾದ್ರೂ ನೋಡಿದ್ರಾ?"

ಅತ್ತೆ ಕಿಟಕಿಯ ಕಡೆಯಿಂದ ಮುಖ ತಿರುಗಿಸಿ ಮಗನನ್ನು ನೋಡಿದರು. ಬಡಗಿಯಮ್ಮ ತಮ್ಮ ಪೆನ್ಸಿಲ್ಲಿನ ಮೊನೆಯನ್ನು ನೋಡಿಕೊಂಡರು. ಮೇಷ್ಟ್ರ ಬಲಗಾಲು ನೆಲವನ್ನು ಒತ್ತಿ, ಒತ್ತಿದಂತೆಯೇ ಇತ್ತು. ಕೊನೆಗೆ, "ನಾಳೆಯಿಂದ ಬಟ್ಟೆ ನಾನು ಒಗೀತೀನಿ" ಎಂದರು. (ಹೊರಗಿನವರೊಬ್ಬರು ಇದ್ದಾಗ ಆಡಿದ್ದರಿಂದ ಆ ಮಾತಿಗೆ ಸಾಕ್ಷಿಯ ಬಲವೂ ಬಂತು.)

ಹೊರಡುವ ಮುಂಚೆ ಬಡಗಿಯಮ್ಮ ನನ್ನ ಪರೀಕ್ಷೆಗಳ ವಿವರವನ್ನೆಲ್ಲ ಕೇಳಿದರು. ಬಾಟಲಿ ತೂಗಹಾಕಿದ್ದನ್ನು ಹೇಳಿದಾಗ ನಕ್ಕರು. ಬೆಲೆ ಇಷ್ಟೇಕೆ ಎಂದು ನಾನೂ ಮುಚ್ಚುಮರೆಯಿಲ್ಲದೆ ಕೇಳಿದೆ.

"ಮರ ಒಣಗೋಕೆ ಎರಡು ವರ್ಷ ಬಿಡ್ತೀವಮ್ಮ. ಅಂಚನ್ನ ಮೂರು ಸಲ ಉಜ್ತೀವಿ. ಅದು ಕಣ್ಣಿಗೆ ಕಾಣಲ್ಲ. ಆದ್ರೂ ಅದಕ್ಕೂ ಸೇರಿಸೇ ಬೆಲೆ ಹಾಕೋದು."

ಕಣ್ಣಿಗೆ ಕಾಣದ ಕೆಲಸಕ್ಕೂ ಬೆಲೆ ಹಾಕುವವರು, ಹಾಕಿ ಧೈರ್ಯವಾಗಿ ಕೇಳುವವರು ಇದ್ದಾರೆಂದು ನನಗೆ ತಿಳಿದದ್ದು ಅವತ್ತೇ. ಹಸಿರು ಚೀಟಿಯ ಸುರುಳಿ ತೆಗೆದು ಮರದ ಮನೆಯ ಚಾವಣಿಗೆ ಒಂದನ್ನು ಅಂಟಿಸಿದೆ. ಹನ್ನೆರಡು ವರ್ಷದಲ್ಲಿ ಅಷ್ಟು ನಿಶ್ಚಿಂತೆಯಿಂದ ನಾನು ಹಸಿರು ಚೀಟಿ ಅಂಟಿಸಿರಲಿಲ್ಲ. ಬಡಗಿಯಮ್ಮ ಅದನ್ನು ಪೆನ್ಸಿಲ್ಲಿನಿಂದ ತಟ್ಟಿ, ಚೆನ್ನಾಗಿ ಅಂಟಿದೆ ಎಂದು ಹೇಳಿ ಹೋದರು.

ಮರುದಿನದಿಂದ ಮೇಷ್ಟ್ರು ಬಚ್ಚಲಿಗಿಳಿದರು. ಮೊದಲ ದಿನ ಹಾಡುತ್ತ ಒಗೆದರು. ಎರಡನೆಯ ದಿನ ಹಾಡು ನಿಂತಿತು. ಮೂರನೆಯ ದಿನ ಸೊಂಟ ಹಿಡಿದುಕೊಂಡು ಹೊರಬಂದವರ ಮುಂದೆ ಇರುವೆ ಅಂಗಿಯ ಕಾಲರಿಗೆ ಹೆಬ್ಬೆರಳು ಸವರಿ ಕೆಂಪು ಚೀಟಿ ಅಂಟಿಸಿದಳು. ಅವರು ಅಂಗಿ ಎತ್ತಿಕೊಂಡು ವಾಪಸು ಹೋದರು. ನಾನು ಅಡುಗೆಮನೆಯಲ್ಲಿ ಗೋಡೆಗೆ ಮುಖಮಾಡಿ ನಿಂತು ಚಹಾ ಕುಡಿದೆ. ಅಷ್ಟು ರುಚಿಯಾದ ಚಹಾ ನಾನು ಕುಡಿದದ್ದು ಕಡಿಮೆ.

ನಾಲ್ಕನೆಯ ದಿನ ಬೆಳಿಗ್ಗೆ ಎಂಟಕ್ಕೆ ಬಾಗಿಲಲ್ಲಿ ಮೆಕ್ಯಾನಿಕ್ ನಿಂತಿದ್ದ. ನಾನು ಮೂವತ್ತೇಳು ದಿನ ಒಗೆದಾಗ ಸತ್ತೇಹೋಗಿದ್ದ ಮಿಷನ್ನು, ಅವರು ಮೂರು ದಿನ ಒಗೆದ ಮೇಲೆ ಬದುಕಬಹುದಾದ ಸ್ಥಿತಿಗೆ ಬಂದಿತ್ತು. ಈ ವೈದ್ಯಶಾಸ್ತ್ರದ ಪವಾಡದ ಬಗ್ಗೆ ಚುಚ್ಚಿ ಮಾತಾಡಲು ನಾನು ಒಳ್ಳೆಯ ವಾಕ್ಯವೊಂದನ್ನು ಹೊಂದಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು ಬಚ್ಚಲ ಬಾಗಿಲಲ್ಲಿ ನಿಂತೆ. ಹಿಂದೆ ಅತ್ತೆ. ಕಾಲ ಸಂದಿಯಲ್ಲಿ ಇರುವೆ.

ಮೆಕ್ಯಾನಿಕ್ ಸ್ಥೂಲಕಾಯದ ಮನುಷ್ಯ. ಏದುಸಿರು ಬಿಡುತ್ತ ಕೂತು, ಮಿಷನ್ನಿನ ಕೆಳಗಿನ ಪುಟ್ಟ ಮುಚ್ಚಳ ತಿರುಗಿಸಿ ತೆಗೆದ. ಒಂದು ಮಗ್ಗು ಕೊಳೆನೀರು ಹೊರಬಂತು. ಒಂದು ಗುಂಡಿ ಬಂತು. ಅತ್ತೆಯ ಕಾಣೆಯಾದ ಹೇರ್‌ಪಿನ್ನು ಬಂತು. ಆಮೇಲೆ ಅವನು ಎರಡು ಬೆರಳು ಒಳಗೆ ತೂರಿಸಿ, ಯಾವುದನ್ನೋ ಜಗ್ಗಿ, ಇನ್ನೊಮ್ಮೆ ಜಗ್ಗಿ ಈಚೆಗೆ ತೆಗೆದ.

"ಸೀಜ್ ಪಾಜ್ ಏನೂ ಆಗಿಲ್ಲ ಮೇಷ್ಟ್ರೇ. ನೀರು ಹೊರಗೆ ಹಾಕೋ ಪಂಪಲ್ಲಿ ಇದು ಕೂತಿತ್ತು. ಮಗು ಜೇಬಲ್ಲಿ ಇತ್ತೇನೋ."

ಅವನ ಅಂಗೈಯಲ್ಲಿ ಒಂದು ಹಳದಿ ಚಕ್ರವಿತ್ತು.

ನಾನು ಹೊಂದಿಸಿಟ್ಟುಕೊಂಡಿದ್ದ ವಾಕ್ಯ ಗಂಟಲಲ್ಲೇ ಸೀಜ್ ಆಯಿತು. ಮೆಕ್ಯಾನಿಕ್ಕಿಗೆ ಏನೂ ತಿಳಿಯದು, ಪಾಪ. ಅವನು ಚಕ್ರವನ್ನು ಬೆಳಕಿಗೆ ಹಿಡಿದು ವಿವರಿಸತೊಡಗಿದ. "ಚಕ್ರ ಬಂದಿದ್ದು ತಪ್ಪಲ್ಲ ಸಾರ್, ಬರ್ತವೆ. ನಯವಾಗಿದ್ದಿದ್ರೆ ಉರುಳಿಕೊಂಡು ಮೂಲೆಗೆ ಬೀಳ್ತಿತ್ತು. ಇಲ್ಲಿ ಅಂಚಲ್ಲಿ ಮುಳ್ಳು ಬಿಟ್ಟಿದ್ದಾರೆ ನೋಡಿ, ಇದು ಹೋಗಿ ಪಂಪಿನ ರೆಕ್ಕೆಗೆ ಕಚ್ಚಿಕೊಂಡಿದೆ. ಇಂಥ ಮಾಲನ್ನ ಅದು ಯಾರು ಪಾಸ್ ಮಾಡ್ತಾರೋ."

ಯಾರೂ ನನ್ನನ್ನು ನೋಡಲಿಲ್ಲ. ನೋಡದೇ ಇರುವುದರಲ್ಲಿ ಎಷ್ಟು ಸದ್ದಿರಬಹುದೆಂದು ಆಗ ಗೊತ್ತಾಯಿತು. ಅತ್ತೆ ತಮ್ಮ ಹೇರ್‌ಪಿನ್ನನ್ನು ಒರೆಸಿಕೊಳ್ಳುತ್ತ, ಅದನ್ನೇ ಉದ್ದೇಶಿಸಿ ಎನ್ನುವಂತೆ, "ಅರ್ಧ ಬೆಲೆ ಅಂದಿದ್ಲು" ಎಂದರು.

ಇರುವೆ ಚಕ್ರವನ್ನು ತೆಗೆದುಕೊಂಡಳು. ನಿಧಾನವಾಗಿ ಹೆಬ್ಬೆರಳನ್ನು ಅಂಚಿನ ಸುತ್ತ ಓಡಿಸಿದಳು. ಒಂದು ಕಡೆ ಬೆರಳು ನಿಂತಿತು. ಮತ್ತೆ ಸವರಿದಳು, ಅಲ್ಲೇ ನಿಂತಿತು. ಸೊಂಟದೆತ್ತರದಿಂದ ಬೀಳಿಸಿದಳು. ಒಂದು ಚೂರು ಹಾರಿತು. ಹೋಗಿ ಕೆಂಪು ಚೀಟಿ ತಂದು ಅಂಟಿಸಿದಳು. ಆಮೇಲೆ ತಲೆಯೆತ್ತಿ ಕೇಳಿದಳು:

"ಅಮ್ಮ, ಇದನ್ನ ಯಾರು ಪಾಸ್ ಮಾಡಿದ್ದು?"

ನಾನು ಬಾಯಿ ತೆರೆದೆ. ಬೇಡಿಕೆಯಿಲ್ಲದ ತಿಂಗಳು, ಸೂಪರ್‌ವೈಸರು, ಉಳಿದ ಪ್ಲಾಸ್ಟಿಕ್ಕು ಎಂದು ಏನೇನೋ ಹೇಳಬೇಕೆಂದಿದ್ದೆ. ಮೇಷ್ಟ್ರು ಸೊಂಟ ಒತ್ತಿಕೊಳ್ಳುತ್ತ, ಬಹಳ ಮೃದುವಾಗಿ, "ಮಗು ಕೆಲಸ ಮಾಡ್ತಿರುವಾಗ ಅಡ್ಡಿಪಡಿಸಬಾರದು ಅಂತ ಪುಸ್ತಕದಲ್ಲಿದೆ" ಎಂದರು.

ಉತ್ತರಕ್ಕೆ ಅವಳೂ ಕಾಯಲಿಲ್ಲ. ಲಾರಿಯನ್ನು ಮನೆಗೆ ತಂದವರು ಯಾರೆಂದು ಅವಳಿಗೆ ಗೊತ್ತಿತ್ತು. ಮೇಜು ಎಲ್ಲಿದೆಯೆಂದು ಒಂದು ಕ್ಷಣ ಅತ್ತಿತ್ತ ನೋಡಿದಳು. ಬಚ್ಚಲಲ್ಲಿ ಮೇಜು ಎಲ್ಲಿಂದ ಬರಬೇಕು? ನನ್ನ ಕೈ ಹಿಡಿದೆಳೆದು ಅಂಗೈ ಬಿಡಿಸಿ, ಚಕ್ರವನ್ನು ನಡುವೆ ಇಟ್ಟಳು. ಆಮೇಲೆ ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಮಡಚಿದಳು, ಚಿಲಕ, ಕೊಂಡಿ, ಸರಪಳಿ, ಅಗುಳಿ ಹಾಕಿದಂತೆ. ಕೊನೆಗೆ ನನ್ನ ಪ್ರಸಿದ್ಧ ಹೆಬ್ಬೆರಳನ್ನು ಹಿಡಿದು, ಮರದ ತುಂಡು ತಿರುಗಿಸುವ ಹಾಗೆ ತಿರುಗಿಸಿ ಮೇಲಿಂದ ಬಿಗಿಮಾಡಿದಳು. ಸಡಿಲವಿದೆಯೇ ಎಂದು ಒಮ್ಮೆ ಅಲ್ಲಾಡಿಸಿಯೂ ನೋಡಿದಳು. ಇರಲಿಲ್ಲ.

ಆ ಕಡೆ ಮಿಷನ್ನು ಗಿರ್ರೆಂದು ತಿರುಗಲು ಶುರುವಾಯಿತು. ಎಲ್ಲೂ ಒರಟಾಗದೆ, ಅವಸರಪಡದೆ, ಒಂದು ಬೆರಳೂ ತಪ್ಪದಂತೆ ಇರುವೆ ಮಾಡಿದ್ದಳು ಆ ಕೆಲಸವನ್ನು. ಅಂಗೈಯೊಳಗೆ ಮುಳ್ಳು ಚುಚ್ಚುತ್ತಿತ್ತು. ಹನ್ನೆರಡು ವರ್ಷದ ತಪಾಸಣೆಯ ಅನುಭವದಿಂದ ಹೇಳುತ್ತಿದ್ದೇನೆ: ಆ ಮರದ ಮನೆಗೆ ಕೊಟ್ಟ ಬೆಲೆಯಲ್ಲಿ ಒಂದು ಪೈಸೆಯೂ ಹೆಚ್ಚಾಗಿರಲಿಲ್ಲ.